ದೇವಿಂದ್ರಪ್ಪನ ಹೆಸರು ಧ್ವನಿಮುದ್ರಣವಾದ ಮಳೆಗಾಲ

ಈ ವರ್ಷ ಮಳೆ ಹಿಡಿಯುವ ಮೊದಲು ಅಪ್ಪ ಗೋದಾಮಿಗೆ ಗೆದ್ದಲಿನ ಔಷಧ ಹೊಡೆಸಿದರು. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ಮುಂದೆ ನಮ್ಮ ಸೀರೆ ಅಂಗಡಿ, ಹಿಂದೆ ಕಿಟಕಿಯಿಲ್ಲದ ಈ ಗೋದಾಮು, ಮೇಲೆ ನಮ್ಮ ಮನೆ. ತಿಳಿವಳಿಕೆ ಬಂದಂದಿನಿಂದ ಆ ಕೋಣೆ ಖಾಲಿಯಾದದ್ದನ್ನು ನಾನು ನೋಡಿರಲಿಲ್ಲ. ಸೀರೆಯ ಗಂಟುಗಳು, ರವಿಕೆಯ ಖಣದ ಥಾನುಗಳು, ಅಸ್ತರಿನ ಬಟ್ಟೆಯ ಸುರುಳಿಗಳು ನೆಲದಿಂದ ತೊಲೆಯವರೆಗೆ ಒತ್ತಿಕೊಂಡಿರುತ್ತಿದ್ದವು. ಅವನ್ನೆಲ್ಲ ಅಂಗಳಕ್ಕೆ ಸಾಗಿಸಿದ ಮೇಲೆ ನಾನು ಬಾಗಿಲಲ್ಲಿ ನಿಂತು, "ಅಪ್ಪಾ, ಚಹಾ ಆಗೇದ" ಎಂದೆ. ನನ್ನ ಮಾತು ಎದುರಿನ ಗೋಡೆಗೆ ಬಡಿದು ನನ್ನ ಕಡೆಗೇ ತಿರುಗಿ ಬಂತು. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮಾತ್ರ ಅಲ್ಲಿಂದ ಕದಲಿರಲಿಲ್ಲ. ಆ ವಾಸನೆಯ ನಡುವೆ ಸಾಬಮ್ಮನನ್ನು ಕೂರಿಸಿಕೊಂಡು ರೆಕಾರ್ಡರಿನ ಗುಂಡಿ ಒತ್ತಿದ ಮಳೆಗಾಲ ನೆನಪಾಯಿತು. ನೆನಪಾಯಿತು ಎಂದಾಗ ಎದೆಯಲ್ಲಿ ಏನೋ ಕಲಕಿತು ಎಂದು ಓದುಗರು ತಿಳಿಯಬಾರದು. ಹಲ್ಲು ಕೀಳಿಸಿಕೊಂಡ ಮೇಲೆ ನಾಲಗೆ ಆ ಖಾಲಿ ಜಾಗವನ್ನು ಸುಮ್ಮನೆ ಮುಟ್ಟಿ ನೋಡುತ್ತದಲ್ಲ, ಹಾಗೆ ಮುಟ್ಟಿ ನೋಡಿದೆ.

ಆ ವರ್ಷ ನಾನು ಭಾಷಾವಿಜ್ಞಾನದ ಎಂ.ಎ. ಮುಗಿಸುವವಳಿದ್ದೆ. ಯಾದಗಿರಿ ಜಿಲ್ಲೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಹೆಂಗಸರ ಕನ್ನಡದಲ್ಲಿ, ಮರಾಠಿಯ ಸಹವಾಸದಿಂದ, ಕ್ರಿಯಾಪದಗಳು ಹೇಗೆ ಬದಲಾಗುತ್ತಿವೆ ಎಂಬುದು ನನ್ನ ಪ್ರಬಂಧದ ವಿಷಯ. ನಮ್ಮ ಮನೆ ವಿಜಯಪುರದ ಕಡೆಯದು. ನಾವು "ಮಾಡಾಕತ್ತೀನಿ" ಎನ್ನುವವರು. ಅವರು "ಮಾಡ್ಲತ್ತೀನಿ" ಎನ್ನುವವರು. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಲು ನನ್ನ ವಿಭಾಗ ಅಂಗೈಯಗಲದ ಒಂದು ಡಿಜಿಟಲ್ ರೆಕಾರ್ಡರ್ ಕೊಟ್ಟಿತ್ತು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಟ್ಟಿತ್ತು, ಜೊತೆಗೆ ಒಂದು ನಿಯಮವನ್ನೂ ಕೊಟ್ಟಿತ್ತು. ಮಾತನಾಡುವವರ ಹೆಸರು ಧ್ವನಿಮುದ್ರಣದಲ್ಲಿ ಎಲ್ಲಿಯೂ ಬರಕೂಡದು. ದುರ್ಬಲರಿಗೆ ಮುಂದೆ ತೊಂದರೆಯಾಗದಿರಲಿ ಎಂದು ತಿಳಿದವರು ಮಾಡಿದ ನಿಯಮ ಅದು. ನಾನು ಪ್ರತಿಸಲವೂ ಗುಂಡಿ ಒತ್ತುವ ಮೊದಲು, "ಹೆಸರು ಹೇಳಬ್ಯಾಡ್ರಿ, ಹೆಸರು ಬಿಟ್ಟು ಮಾತಾಡ್ರಿ" ಎಂದು ಹೇಳುತ್ತಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಾಬಮ್ಮ ಎಂಬವಳು ಇರಲಿಲ್ಲ. "ಸ್ತ್ರೀ ನಾಲ್ಕು" ಇದ್ದಳು.

ಶಿವಾಜಿನಗರದಲ್ಲಿ ಲೋಣಾವಳಾ ಲೋಕಲ್ ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ರಿಕ್ಷಾದಲ್ಲಿ ಕೆಸರು ದಾಟಿದರೆ ಅವರು ಕೆಲಸ ಮಾಡುವ ಕಟ್ಟಡ. ಎದ್ದು ನಿಲ್ಲುತ್ತಿರುವ ಗೋಪುರದ ಬುಡದಲ್ಲಿ ತಗಡಿನ ಶೆಡ್ಡುಗಳ ಎರಡು ಸಾಲು. ಸಾಬಮ್ಮ ಅಲ್ಲಿ ಮರಳು, ಜಲ್ಲಿ ಹೊರುತ್ತಿದ್ದಳು. ಆಕೆಯ ಗಂಡ ದೇವಿಂದ್ರಪ್ಪ ಸೆಂಟ್ರಿಂಗ್ ಕೆಲಸದವನು, ಅಂದರೆ ಕಾಂಕ್ರೀಟು ಸುರಿಯುವ ಮೊದಲು ಅದಕ್ಕೆ ಹಲಗೆಯ ಅಚ್ಚು ಕಟ್ಟುವವನು. ಮೃಗಶಿರಾ ಮಳೆ ಶುರುವಾಗಿತ್ತು. ತಗಡಿನ ಮೇಲೆ ಮಳೆ ಬಿದ್ದರೆ ಹೆಡ್‌ಫೋನಿನಲ್ಲಿ ಯಾರೋ ಜಲ್ಲಿ ಸುರಿದಂತೆ ಕೇಳುತ್ತಿತ್ತು. ಸದ್ದು ಮಿತಿ ಮೀರಿತೆಂದು ಎಚ್ಚರಿಸುವ ರೆಕಾರ್ಡರಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ನಾನು ಕೈಚೆಲ್ಲಿ ಕೂತಿದ್ದಾಗ ಉಪಾಯ ಹುಡುಕಿದವಳು ಸಾಬಮ್ಮ.

"ಅಕ್ಕಾರೆ, ಈ ಸಪ್ಪಳದಾಗ ನಿಮ್ಮ ಡಬ್ಬಿಗಿ ಏನ್ ಕೇಳ್ತದ? ಬರ್ರಿ, ಕೌದಿ ಒಳಗ ಕುಂದ್ರಮ್."

ನಾಲ್ಕೈದು ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿ. ಅದನ್ನು ನಮ್ಮಿಬ್ಬರ ತಲೆಯ ಮೇಲೆ ಎಳೆದುಕೊಂಡ ತಕ್ಷಣ ಮಳೆ ದೂರ ಸರಿಯಿತು. ಲಕ್ಷಾಂತರ ರೂಪಾಯಿಯ ಸ್ಟುಡಿಯೋ ಕೂಡ ಅಷ್ಟು ಚೆನ್ನಾಗಿ ಗದ್ದಲ ನುಂಗುವುದಿಲ್ಲ. ಹೊರಗೆ ನೆರೆಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. "ಸಾಬಿ, ಒಳಗ ಏನ್ ಮಾಡ್ಲತ್ತೀರೇ? ನಮಗೂ ಜಾಗ ಅದನಾ?" ಸಾಬಮ್ಮ ಒಳಗಿನಿಂದಲೇ, "ನಿನಗ ಜಾಗ ಬೇಕಂದ್ರ ಇನ್ನಾ ಎಲ್ಡು ಕೌದಿ ಬೇಕಾಗ್ತಾವ ನೋಡು" ಎಂದಳು. ಆಮೇಲೆ ನನ್ನ ಮುಖದ ಹತ್ತಿರ ಮುಖ ತಂದು, ಜೋಳದ ರೊಟ್ಟಿಯ ವಾಸನೆಯ ಉಸಿರಿನಲ್ಲಿ, ಊರು ಬಿಟ್ಟ ಕಥೆ ಹೇಳತೊಡಗಿದಳು. ನಾನು ಕಥೆಯನ್ನು ಕೇಳುತ್ತಿರಲಿಲ್ಲ. ಕ್ರಿಯಾಪದಗಳನ್ನು ಕೇಳುತ್ತಿದ್ದೆ.

ಆ ಮಧ್ಯಾಹ್ನ ದೇವಿಂದ್ರಪ್ಪ ಊಟಕ್ಕೆ ಇಳಿದು ಬಂದ. ಕೌದಿಯ ಹೊರಗಿನಿಂದ ಅವನ ಮಾತು ತೀರ ಸ್ಪಷ್ಟವಾಗಿ ಕೇಳಿತು, ಏಕೆಂದರೆ ಅಷ್ಟು ಹೊತ್ತಿಗೆ ಮಳೆ ನಿಂತಿತ್ತು.

"ಅಕ್ಕಾರೆ, ಇಕಿ ಮಾತು ಹಿಡಿಯೋ ಡಬ್ಬಿ ತಂದೀರಿ, ಭಾಳ ಚೊಲೋ ಆತು. ಇಕಿ ಮಾತು ನಿಂದ್ರಸೋ ಡಬ್ಬಿ ಎಲ್ಲಿ ಸಿಗತದ, ಅದನೂ ಹೇಳ್ರಿ."

"ಆ ಡಬ್ಬಿ ತಂದ ದಿನ ನಿಮಗ ಉಣ್ಣಾಕ ಕರಿಯೋರು ಯಾರು?" ಎಂದಳು ಸಾಬಮ್ಮ.

ಅವನು ನಕ್ಕ. "ಆಯ್ತು ಮಾರಾಯ್ತಿ, ಲಗೂ ನೀಡು. ಇವತ್ತ ಸ್ಲ್ಯಾಬ್ ಅದ, ಉಂಡು ಮ್ಯಾಲ ಹೋಗಬೇಕು. ಸಂಜೀತನಕ ಇಳಿಯಂಗಿಲ್ಲ." ಅಷ್ಟರಲ್ಲಿ ಸಾಮಾನು ಏರಿಸುವ ಲಿಫ್ಟಿನ ಗಂಟೆ ಹೊಡೆಯಿತು. ಗಂಡಸರ ಮಾತು ನನ್ನ ಪ್ರಬಂಧಕ್ಕೆ ಬೇಕಿರಲಿಲ್ಲ. ಆದರೂ ಆ ತುಣುಕನ್ನು ಕತ್ತರಿಸಿ ಹಾಕಲಿಲ್ಲ. "ಇಳಿಯಂಗಿಲ್ಲ" ಎಂಬ ನಿಷೇಧರೂಪ ಬಹಳ ಚೆನ್ನಾಗಿ ಬಂದಿತ್ತು.

ಆಷಾಢ ಮುಗಿಯುತ್ತ ಬಂದಾಗ, ಒಂದು ಬೆಳಿಗ್ಗೆ, ಸಾಬಮ್ಮನ ಫೋನಿನಿಂದ ಧ್ವನಿ ಸಂದೇಶ ಬಂತು. ಓದು ಬರೆಹ ಬಾರದ ಅವರೆಲ್ಲ ಹೀಗೇ ಮಾತು ಹಿಡಿದು ಕಳಿಸುವವರು. "ಅಕ್ಕಾರೆ, ಅವರು ಬಿದ್ದಾರ." ಅದರ ಮುಂದೆ ಮಳೆಯ ಸಪ್ಪಳ, ಮಳೆಯ ಸಪ್ಪಳದೊಳಗೆ ಯಾರೋ ಮರಾಠಿಯಲ್ಲಿ ಕೂಗುವುದು, ಮತ್ತೆ ಮಳೆ. ಬೆರಳು ಗುಂಡಿಯ ಮೇಲೆಯೇ ಉಳಿದುಬಿಟ್ಟಿರಬೇಕು. ಸಂದೇಶ ಬಹಳ ಹೊತ್ತು ಮುಗಿಯಲೇ ಇಲ್ಲ.

ಅವನು ಬಿದ್ದದ್ದು ಹನ್ನೊಂದನೆಯ ಅಂತಸ್ತಿನ ಅಂಚಿನಿಂದ. ನೆನೆದ ಹಲಗೆ, ಎಣ್ಣೆ ಬಳಿದ ಹಲಗೆ, ಕೆಳಗೆ ಬಲೆಯಿಲ್ಲ, ಸೊಂಟಕ್ಕೆ ಪಟ್ಟಿಯಿಲ್ಲ. ನಾನು ಹೋಗುವಷ್ಟರಲ್ಲಿ ಸಾಬಮ್ಮನೂ ಆಕೆಯ ಮೈದುನನೂ ಹೆಣವನ್ನು ಊರಿಗೆ ಒಯ್ದಾಗಿತ್ತು. ಮರುವಾರ ನೋಡಿದರೆ ಅವನ ಜೊತೆ ಕೆಲಸ ಮಾಡುತ್ತಿದ್ದ ತಂಡವೇ ಅಲ್ಲಿರಲಿಲ್ಲ. ಬೇರೆ ಜಿಲ್ಲೆಯ ಕೆಲಸಕ್ಕೆ ಅವರನ್ನು ಲಾರಿಯಲ್ಲಿ ತುಂಬಿ ಕಳಿಸಿದ್ದರು. ಕಟ್ಟಡಕ್ಕೆ ಹೊಸ ತಂಡ ಬಂದಿತ್ತು, ಅದು ಬೇರೆ ಯಾವುದೋ ಭಾಷೆಯದು. ಅಂಚಿನಲ್ಲಿ ಹಸಿರು ಬಲೆ ಕೂಡ ಬಂದಿತ್ತು. ಅದರ ಹಸಿರು ಎಷ್ಟು ಹೊಸದೆಂದರೆ, ದೂರದ ರಸ್ತೆಯಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು.

ಕ್ರಿಯೆಗಳು ಮುಗಿದ ಮೇಲೆ ಸಾಬಮ್ಮ ಪುಣೆಗೆ ಹಿಂದಿರುಗಿದಳು, ಸಂಬಂಧಿಕರೊಬ್ಬರ ಶೆಡ್ಡಿನಲ್ಲಿ ಉಳಿದಳು. ಸಾವಿನ ಬಗ್ಗೆ ಶಿವಾಜಿನಗರದ ಸರಕಾರಿ ಕಚೇರಿಯಲ್ಲಿ ವಿಚಾರಣೆ ಶುರುವಾಗಿತ್ತು. ಆಕೆಗೆ ಮರಾಠಿ ಬಾರದು. ನಾನು ಅನುವಾದಕಿಯಾಗಿ ಹೆಸರು ಕೊಟ್ಟೆ. ಕಟ್ಟಡದ ಕಂಪನಿ ಕೊಟ್ಟ ಲಿಖಿತ ಉತ್ತರವನ್ನು ಕಚೇರಿಯ ಮೆಟ್ಟಿಲ ಮೇಲೆ ಕೂತು ಆಕೆಗೆ ಕನ್ನಡದಲ್ಲಿ ಓದಿ ಹೇಳಿದೆ. ಮೃತನು ನಮ್ಮ ಕೆಲಸಗಾರನಲ್ಲ. ಅವನು "ಅನೋಳಖೀ ಇಸಮ್", ಅಂದರೆ ಅಪರಿಚಿತ ವ್ಯಕ್ತಿ. ಯಾರನ್ನೋ ಕಾಣಲು ಬಂದವನು, ರಜೆಯ ದಿನ, ಕುಡಿದು, ಅನುಮತಿಯಿಲ್ಲದೆ ಕಟ್ಟಡ ಹತ್ತಿದ್ದನು.

ಸಾಬಮ್ಮ ಮೊದಲ ವಾಕ್ಯಗಳನ್ನು ಕಲ್ಲಿನಂತೆ ಕೂತು ಕೇಳಿದಳು. ಕೊನೆಯದು ಬಂದಾಗ ನನ್ನ ಕೈ ಹಿಡಿದಳು.

"ಕುಡ್ದಿದ್ರು ಅಂತ ಬರ್ದಾರೇನ್ರಿ?"

"ಹೌದು."

"ದಮ್ಮಡಿ ಹಿಡಿದು ಭಜನಿ ಮಾಡೋ ಕೈ ಅದು. ಆ ಕೈಲೆ ಅವರು ಗ್ಲಾಸ್ ಹಿಡಿದೋರಲ್ಲ ಅಕ್ಕಾರೆ. ಅವರು ರೊಕ್ಕ ಕೊಡ್ಲಿ, ಬಿಡ್ಲಿ. ಇದನ್ನ ಅಳಸಬೇಕು. ನನ್ನ ಮಗಳು ನಾಳಿ ಸಾಲಿ ಕಲ್ತು ಇದನ್ನ ಓದತಾಳ."

ಆಗ ನನಗೆ ಕೌದಿಯೊಳಗಿನ ಆ ಧ್ವನಿಮುದ್ರಣ ನೆನಪಾಯಿತು. ಅವನು ಆ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಎಂಬುದಕ್ಕೆ ಅವನದೇ ಬಾಯಿಯ ಸಾಕ್ಷಿ ನನ್ನ ಬಳಿ ಇತ್ತು. ಸ್ಲ್ಯಾಬ್ ಇದೆ ಎನ್ನುತ್ತಾನೆ, ಮೇಲೆ ಹೋಗಬೇಕು ಎನ್ನುತ್ತಾನೆ, ಲಿಫ್ಟಿನ ಗಂಟೆಯೂ ಕೇಳುತ್ತದೆ. ಮುದ್ರಿಸಿದ ದಿನವೂ ವೇಳೆಯೂ ಕಡತದ ಮೇಲೇ ಇವೆ. ವಿಶ್ವವಿದ್ಯಾಲಯ ನನಗೆ ಕಲಿಸಿದ ವಿದ್ಯೆ ಕೊನೆಗೂ ಯಾರಿಗೋ ಉಪಯೋಗಕ್ಕೆ ಬಂತೆಂದು ನಾನು ನಂಬಿದೆ. ನಂಬುವ ವಯಸ್ಸು ಅದು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ, ಕಂಪನಿಯ ವಕೀಲ, ಕಂಪ್ಯೂಟರಿನ ಮುಂದೆ ಟೈಪು ಮಾಡುವ ಮಧ್ಯವಯಸ್ಸಿನ ಗುಮಾಸ್ತೆ, ನಾವಿಬ್ಬರು. ನಾನು ಲ್ಯಾಪ್‌ಟಾಪ್ ತೆರೆದು ತುಣುಕನ್ನು ಕೇಳಿಸಿದೆ. ಪುಟ್ಟ ಸ್ಪೀಕರಿನಿಂದ ಸತ್ತವನು ಹೆಂಡತಿಯ ಬಾಯಿ ಮುಚ್ಚಿಸುವ ಡಬ್ಬಿಯನ್ನು ಕೇಳಿದ, ನಕ್ಕ, ಊಟ ಬಡಿಸಲು ಹೇಳಿದ. ಸಾಬಮ್ಮ ಮೇಜಿನ ಕಾಲನ್ನು ನೋಡುತ್ತಿದ್ದಳು.

"ಇದು ಯಾರ ಧ್ವನಿ?" ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದರು.

ನಾನು ಉತ್ತರಿಸಲು ಬಾಯಿ ತೆರೆದೆ. ವಕೀಲ ಕೈ ಎತ್ತಿದ. ಅನುವಾದಕಿ ಸಾಕ್ಷಿಯಾಗುವಂತಿಲ್ಲ, ಕುಟುಂಬದವರೇ ಗುರುತಿಸಬೇಕು ಎಂದ. ಅದು ನಿಯಮವೇ ಇರಬಹುದು. ನಾನು ಪ್ರಶ್ನೆಯನ್ನು ಕನ್ನಡಕ್ಕೆ ತಂದೆ.

"ಅವರದು" ಎಂದಳು ಸಾಬಮ್ಮ.

"ಅವರು ಅಂದ್ರ ಯಾರು?"

"ನಮ್ಮನಿಯವರು."

"ಹೆಸರು?"

ಆಕೆ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ನಾನು ಅಧಿಕಾರಿಗೆ ವಿವರಿಸಿದೆ: ಗಂಡನ ಹೆಸರನ್ನು ಹೆಂಡತಿ ಬಾಯಿಂದ ಆಡುವುದಿಲ್ಲ, ಅದು ಅವರ ಪದ್ಧತಿ. ಆಕೆ ತಲೆಯಾಡಿಸಿ ಒಪ್ಪಿದರೆ ಸಾಲದೇ? ವಕೀಲ ನಗುತ್ತ, "ತಿಲಾ ನಾವ್‌ಚ್ ಮಾಹೀತ್ ನಾಹೀ" ಎಂದ. ಇವಳಿಗೆ ಹೆಸರೇ ಗೊತ್ತಿಲ್ಲವಂತೆ.

ಆಗ ಗುಮಾಸ್ತೆ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು, "ಸಾಹೇಬ್, ಆಮಚ್ಯಾಕಡೇ ಪಣ್ ಬಾಯಕಾ ನಾವ್ ಘೇತ್ ನಾಹೀತ್." ನಮ್ಮಲ್ಲೂ ಹೆಂಗಸರು ಹೆಸರು ಹೇಳುವುದಿಲ್ಲ, ಸಾಹೇಬರೇ.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ನನಗೆ ಗೊತ್ತಿದೆ" ಎಂದರು. "ಫೈಲಿಗೆ ಗೊತ್ತಿಲ್ಲ." ಮುಂದಿನ ತಾರೀಖಿಗೆ ಆಕೆ ತನ್ನ ಬಾಯಿಂದ, ತನ್ನ ಭಾಷೆಯಲ್ಲಿ, ಹೆಸರು ಹೇಳಿ ಧ್ವನಿಯನ್ನು ಗುರುತಿಸಿದ ಹೇಳಿಕೆಯನ್ನು, ಎಲ್ಲರೆದುರು ಆಗದಿದ್ದರೆ ಧ್ವನಿಮುದ್ರಿಸಿ ಪೆನ್‌ಡ್ರೈವಿನಲ್ಲಾದರೂ, ತರಬೇಕು, ಇಲ್ಲದಿದ್ದರೆ ಕಂಪನಿಯ ಉತ್ತರವನ್ನೇ ಒಪ್ಪಿ ವಿಚಾರಣೆ ಮುಚ್ಚಬೇಕಾಗುತ್ತದೆ ಎಂದು ಆದೇಶ ಬರೆಸಿದರು.

ಇಲ್ಲಿ ನಾನು ಕೇಳಬೇಕಾದದ್ದನ್ನು ಕೇಳಿಯೇ ಮುಂದೆ ಹೋಗುತ್ತೇನೆ. ಆ ಕೋಣೆಯಲ್ಲಿ ಯಾರಿಗೆ ಏನು ಗೊತ್ತಿರಲಿಲ್ಲ? ಅಧಿಕಾರಿಯ ತಾಯಿ ಅವರ ತಂದೆಯ ಹೆಸರನ್ನು ಎಷ್ಟು ಸಲ ಆಡಿದ್ದಾರು? ವಕೀಲನ ಅಜ್ಜಿ? ಕಂಪನಿಯ ಮುಕಾದಮನಿಗೆ ದೇವಿಂದ್ರಪ್ಪ ಗೊತ್ತಿರಲಿಲ್ಲವೇ, ಅವನನ್ನು ದಿನವೂ ಹೆಸರು ಹಿಡಿದು ಕರೆದು ಮೇಲೆ ಹತ್ತಿಸಿದವನಿಗೆ? ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಮನೆಯಲ್ಲಿ ಗೊತ್ತಿದ್ದದ್ದನ್ನು ಕಚೇರಿಯ ಹೊಸಿಲಲ್ಲಿ ಚಪ್ಪಲಿಯಂತೆ ಕಳಚಿಟ್ಟು ಒಳಬಂದಿದ್ದರು. ಹೆಸರನ್ನು ಬಿಡಿಸುವ ನನ್ನ ವಿಶ್ವವಿದ್ಯಾಲಯದ ನಿಯಮವೂ ಅವರ ಪಕ್ಕದಲ್ಲೇ ನಿಂತಿತ್ತು. ನಾನು ಮಾಡಿದ ಅಷ್ಟೊಂದು ಗಂಟೆಗಳ ಧ್ವನಿಮುದ್ರಣದಲ್ಲಿ ಆ ಮನುಷ್ಯನ ಹೆಸರನ್ನು ಯಾರೂ ಎಲ್ಲಿಯೂ ಉಚ್ಚರಿಸಿರಲಿಲ್ಲ. ಆ ನಿಯಮ ರಕ್ಷಿಸಿದ್ದು ಯಾರನ್ನು ಎಂದು ವಿಭಾಗಕ್ಕೆ ಪತ್ರ ಬರೆದೆ. ಉತ್ತರ ಬಂದಿಲ್ಲ.

ಶ್ರಾವಣ ಮುಗಿಯುತ್ತ ಬಂತು. ನಾನು ಮೇಲಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪ್ರಬಂಧಕ್ಕಾಗಿ ಧ್ವನಿಗಳನ್ನು ಬರೆಹಕ್ಕಿಳಿಸುತ್ತಿದ್ದೆ. ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಹೋಗುವುದು, ಬರೆಯುವುದು. ದೇವಿಂದ್ರಪ್ಪನ ತಮಾಷೆ ಪರದೆಯ ಮೇಲೆ ನೀಲಿ ಗೆರೆಗಳಾಗಿ ಹರಡುತ್ತಿತ್ತು. ಅವನ ನಗು ಬಂದಲ್ಲಿ ಗೆರೆಗಳು ಜಾಲಿಮುಳ್ಳಿನ ಪೊದೆಯಂತೆ ಎದ್ದು ನಿಲ್ಲುತ್ತಿದ್ದವು. ಕೇಳಿ ಕೇಳಿ ಅದು ತಮಾಷೆಯಾಗಿ ಉಳಿಯಲಿಲ್ಲ, ವಾಕ್ಯವಾಗಿಯೂ ಉಳಿಯಲಿಲ್ಲ. ಡಕಾರ, ಬಕಾರ, ಒಂದು ಉಸಿರು, ಗಂಟೆ. ಕೆಳಗೆ ಊಟಕ್ಕೆ ಕರೆದರೆ ಹೋಗುತ್ತಿದ್ದೆ, ಉಣ್ಣುತ್ತಿದ್ದೆ, ಬರುತ್ತಿದ್ದೆ. ಅಳು ಬರಬೇಕಿತ್ತು ಎಂದು ತಿಳಿಯುತ್ತಿತ್ತು. ಪಕ್ಕದ ಮನೆಯ ಬಾಗಿಲು ಯಾರೋ ಬಡಿಯುತ್ತಿದ್ದಾರೆ ಎಂದು ತಿಳಿಯುವ ಹಾಗೆ.

ಸಾಬಮ್ಮ ಒಂದು ಮಧ್ಯಾಹ್ನ ಬಸ್ಸು ಹಿಡಿದು ಅಂಗಡಿಗೆ ಬಂದಳು. ಬಂದವಳು ಗಿರಾಕಿಗಳು ಕೂರುವ ಗಾದಿಯನ್ನು ಬಿಟ್ಟು ಮೂಲೆಯಲ್ಲಿ ನೆಲಕ್ಕೆ ಕೂರಲು ಹೋದಳು. ಅಪ್ಪ ಬಿಡಲಿಲ್ಲ. "ಮ್ಯಾಲ ಕುಂದ್ರವಾ, ಅದೇನು ಗಿರಾಕಿಗೋಳಿಗಷ್ಟ ಹಾಸೀವೇನು" ಎಂದರು. ಚಹಾ ತರಿಸಿದರು. ವಿಷಯ ಕೇಳಿಕೊಂಡ ಮೇಲೆ, ಒಳ್ಳೆಯ ಮನಸ್ಸಿನಿಂದಲೇ, "ಹೋದವರ ಹೆಸರು ಹೇಳಾಕ ಇನ್ನೇನವಾ ಅಂಜಿಕಿ? ಹೇಳಿಬಿಡು, ಕೆಲಸ ಮುಗೀತದ" ಎಂದರು.

ಅವ್ವ ಒಳಗಿನಿಂದ ಬಂದಳು. "ನೀವು ಸುಮ್ನ ಸೀರಿ ಮಡಚ್ರಿ. ನಿಮಗೇನು ತಿಳೀತದ?" ಎಂದು ಅಪ್ಪನನ್ನು ಗದರಿ, ಸಾಬಮ್ಮನ ಪಕ್ಕದಲ್ಲಿ ಕೂತು ನನ್ನ ಕಡೆ ಕೈ ತೋರಿಸಿದಳು. "ರೇಶನ್ ಕಾರ್ಡ್ ಮಾಡ್ಸೋ ಮುಂದ ನನಗೂ ಹಿಂಗ ಕೇಳಿದ್ರವಾ. ಸಣ್ಣಾಕಿ ಈ ವೈಜೂನ್ನ ಕರ್ಕೊಂಡು ಹೋಗಿದ್ದೆ, ಇಕಿ ಕಡಿಂದ ಹೇಳಿಸ್ದೆ. ಇವತ್ತಿಗೂ ನನ್ನ ಬಾಯಾಗ ಬಂದಿಲ್ಲ."

"ನನ್ನ ಮಗಳು ಊರಾಗ ಅದಾಳ್ರಿ" ಎಂದಳು ಸಾಬಮ್ಮ. "ಅವರು ನನ್ನ ಬಾಯಿಲೇ ಬೇಕು ಅಂತಾರ. ನಾ ಮನ್ಯಾಗ ಒಬ್ಬಾಕಿನೇ ಕುಂತು ಹೇಳಿ ನೋಡೀನ್ರಿ. ಗಂಟಲದಾಗ ನಿಂದರತದ. ಮುಂದ ಬರಂಗಿಲ್ಲ."

ಅವ್ವ ಚಹಾದ ಲೋಟವನ್ನು ಆಕೆಯ ಕಡೆ ಸರಿಸಿದಳು. "ಒಡಪಿನ್ಯಾಗ ಹೇಳಬಹುದಲ್ಲ?" ಎಂದಳು.

ನಮ್ಮ ಕಡೆ ಮದುವೆ, ಸೀಮಂತಗಳಲ್ಲಿ ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು ಗಂಡನ ಹೆಸರು ಹೇಳೆಂದು ಕಾಡಿದಾಗ ಮದುಮಗಳು ಎರಡು ಸಾಲಿನ ಪ್ರಾಸದ ಪದ್ಯ ಹೇಳಿ ಅದರೊಳಗೆ ಹೆಸರನ್ನು ತೂರಿಸುತ್ತಾಳೆ. ಅದೇ ಒಡಪು. ಗಂಡನ ಹೆಸರು ಹೆಂಡತಿಯ ಬಾಯಿಂದ ಬರಲು ಸಂಪ್ರದಾಯ ತೆರೆದಿಟ್ಟ ಒಂದೇ ಕಿಂಡಿ. ಮರಾಠಿಯವರಲ್ಲೂ ಇದೆ, ಅವರು ಉಖಾಣಾ ಎನ್ನುತ್ತಾರೆ.

ಸಾಬಮ್ಮ ತನ್ನ ಬೋಳು ಹಣೆಯನ್ನು ಮುಟ್ಟಿ ತೋರಿಸಿದಳು. "ಕುಂಕುಮ ಹೋದೋರು ಒಡಪು ಹಾಕ್ತಾರೇನ್ರಿ ಅವ್ವಾರೆ? ಮಂದಿ ಏನಂದಾರು? ಅದು ನಗೋ ಹೊತ್ತಿನ್ಯಾಗ ಹೇಳೋ ಮಾತು."

"ಮಂದಿ ಎಲ್ಲಿ ಅದಾರ ಇಲ್ಲಿ? ನಾ ಒಬ್ಬಾಕಿ ಇರತೀನಿ, ಇಕಿ ಇರತಾಳ. ಕೇಳಬಾರದ್ದನ್ನ ಅವರು ಕೇಳ್ಯಾರ. ಹೇಳಬಾರದ ರೀತಿಲೆ ನೀ ಹೇಳು."

ಮನೆಯಲ್ಲಿ ಮುದ್ರಿಸುವಂತಿರಲಿಲ್ಲ. ಎದುರಿನ ಕೋಚಿಂಗ್ ಕ್ಲಾಸಿನ ಮೈಕು, ಸ್ಕೂಟರುಗಳು, ಮಳೆ. ನಾನು ಇಬ್ಬರನ್ನೂ ಗೋದಾಮಿಗೆ ಕರೆದೊಯ್ದು ಬಾಗಿಲು ಹಾಕಿದೆ. ಖಣದ ಥಾನುಗಳ ನಡುವೆ ಸ್ಟೂಲು ಇಟ್ಟು ಸಾಬಮ್ಮನನ್ನು ಕೂರಿಸಿದೆ. ಆಕೆಯ ಎದೆಯ ಮಟ್ಟಕ್ಕೆ ಅಸ್ತರಿನ ಗಂಟು ಜೋಡಿಸಿ ಮೇಲೆ ರೆಕಾರ್ಡರ್ ಇಟ್ಟೆ. ಹೆಡ್‌ಫೋನ್ ಹಾಕಿದಾಗ ನನಗೆ ಆಕೆಯ ನುಂಗುವ ಸದ್ದು ಕೇಳಿತು. ಅಷ್ಟು ಬಟ್ಟೆ ಸುತ್ತ ಇದ್ದಾಗ ಮಾತು ಬಾಯಿಂದ ಹೊರಟಲ್ಲೇ ಮುಗಿಯುತ್ತದೆ, ಗೋಡೆ ಅದನ್ನು ಹಿಂದಕ್ಕೆ ಕೊಡುವುದಿಲ್ಲ. ನಾನು ಗುಂಡಿ ಒತ್ತಿ ಕಣ್ಸನ್ನೆ ಮಾಡಿದೆ. ಹೆಸರು ಹೇಳಬೇಡಿರೆಂಬ ಮಾತನ್ನು ಆ ದಿನ ಹೇಳಲಿಲ್ಲ.

ಆಕೆ ಮೊದಲು ತನ್ನ ಹೆಸರು ಹೇಳಿದಳು, ಊರು ಹೇಳಿದಳು. ಡಬ್ಬಿಯಲ್ಲಿ ಮಾತಾಡಿದ ಗಂಡಸಿನ ಧ್ವನಿಯನ್ನು ತಾನು ಕಚೇರಿಯಲ್ಲಿ ಕೇಳಿದ್ದಾಗಿಯೂ, ಆ ಧ್ವನಿಯವರು ಅದೇ ಕಟ್ಟಡದಲ್ಲಿ ಹಲಗೆ ಹೊಡೆಯುತ್ತಿದ್ದರೆಂದೂ, ಬಿದ್ದ ದಿನ ರಜೆಯಿರಲಿಲ್ಲವೆಂದೂ, ಅವರು ಎಂದೂ ಕುಡಿದವರಲ್ಲವೆಂದೂ ಹೇಳಿದಳು. ಆಮೇಲೆ ಆಕೆಯ ಮಾತು ನಿಂತಿತು. ರೆಕಾರ್ಡರಿನಲ್ಲಿ ಅಂಕಿಗಳು ಓಡುತ್ತಿದ್ದವು. ಅವ್ವ ಒಂದು ಸೀರೆಯ ಮಡಿಕೆಯನ್ನು ಹಿಡಿದು ನಿಂತಿದ್ದಳು, ಬಿಡಿಸಲೂ ಇಲ್ಲ, ಮಡಚಲೂ ಇಲ್ಲ. ಸಾಬಮ್ಮ ಸೆರಗನ್ನು ತಲೆಯ ಮೇಲೆ ಹೊದ್ದು, ಗೋಡೆಯ ಕಡೆಗೆ ಅರ್ಧ ತಿರುಗಿ, ರಾಗವಿಲ್ಲದೆ, ಸಾಮಾನಿನ ಚೀಟಿ ಓದುವಂತೆ ಹೇಳಿದಳು:

"ಹನ್ನೊಂದು ಮಾಳಗಿ ಮ್ಯಾಲ ಬಿದಿರಿನ ಏಣಿ,
ದೇವಿಂದ್ರಪ್ಪನವರ ದನಿ ಅದು, ಇದು ನನ್ನ ಆಣಿ."

ಒಡಪು ಮುಗಿದಾಗ ಸುತ್ತಲಿನ ಹೆಂಗಸರು ಭೇಷ್ ಅನ್ನಬೇಕು, ನಗಬೇಕು, ಇನ್ನೊಂದು ಹೇಳೆಂದು ಪೀಡಿಸಬೇಕು. ಅವ್ವ ತುಟಿ ಬಿಗಿದಿದ್ದಳು. ಯಾವ ಮುದ್ರಣದ ಕೊನೆಗೂ ಒಂದಿಷ್ಟು ಹೊತ್ತು ಕೋಣೆಯ ಮೌನವನ್ನೇ ಹಿಡಿಯಬೇಕೆಂದು ನಮಗೆ ಕಲಿಸಿದ್ದಾರೆ. ನಾನು ಗುಂಡಿಯನ್ನು ಮುಟ್ಟದೆ ಕೂತೆ. ಆ ಕೋಣೆಯ ಮೌನದಲ್ಲಿ ಮೂವರು ಹೆಂಗಸರು ಉಸಿರಾಡುವುದು ಇವತ್ತಿಗೂ ಆ ಕಡತದಲ್ಲಿ ಕೇಳುತ್ತದೆ.

"ಹಿಡೀತೇನ್ರಿ ಡಬ್ಬಿ?" ಎಂದಳು ಸಾಬಮ್ಮ.

ಹೆಡ್‌ಫೋನನ್ನು ಆಕೆಯ ಕಿವಿಗೆ ಹಾಕಿ ಕೇಳಿಸಿದೆ. ಕೊನೆಯವರೆಗೂ ಕೇಳಿ, ತೆಗೆದು, ನನ್ನ ಕೈಗೆ ಕೊಟ್ಟಳು. "ಇದು ನನ್ನ ದನಿ ಅಲ್ರಿ ಅಕ್ಕಾರೆ" ಎಂದಳು. ತನ್ನ ಧ್ವನಿಯನ್ನು ಹೊರಗಿನಿಂದ ಕೇಳಿದ ಎಲ್ಲರೂ ಮೊದಲ ಸಲ ಹಾಗೇ ಅನ್ನುತ್ತಾರೆ. ಅದಕ್ಕೆ ಕಾರಣವೂ ಇದೆ, ನಾನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಆಕೆಗೆ ಆ ಕಾರಣ ಹೇಳಲು ನನ್ನಿಂದಾಗಲಿಲ್ಲ.

ಮುಂದಿನ ತಾರೀಖಿಗೆ ಅದೇ ಕೋಣೆ, ಅದೇ ಮೇಜು. ಅಧಿಕಾರಿ ಹೇಳಿಕೆಯನ್ನು ಪೂರ್ತಿ ಕೇಳಿದರು, ನಾನು ವಾಕ್ಯ ವಾಕ್ಯವಾಗಿ ಮರಾಠಿಗೆ ತಂದೆ. ಒಡಪು ಬಂದಾಗ ನಾನು ಅನುವಾದಿಸುವ ಮೊದಲೇ ವಕೀಲ ಗುರುತಿಸಿದ. ರಾಗವಿಲ್ಲದಿದ್ದರೂ ಪ್ರಾಸ ಅವನ ಕಿವಿಗೆ ಸಿಕ್ಕಿತ್ತು. "ಹಾ ತರ್ ಉಖಾಣಾ!" ಎಂದು ನಕ್ಕ. ಇದು ಮದುವೆಮನೆಯ ವಿನೋದ, ಹೇಳಿಕೆಯಲ್ಲ, ಸರಿಯಾದ ಗದ್ಯದಲ್ಲಿ ಹೇಳಿಸಿ ತರಲಿ ಎಂದ.

ಹಿಂದಿನ ಸಲ ಹೆಸರೇ ಗೊತ್ತಿಲ್ಲ ಎಂದಿದ್ದವನು ಇವನೇ ಎಂದು ನಾನು ಹೇಳಲು ಏಳುತ್ತಿದ್ದೆ. ಅಷ್ಟರಲ್ಲಿ ಕೀಲಿಮಣೆಯ ಸದ್ದು ಕೇಳಿತು. ಗುಮಾಸ್ತೆ ಯಾರ ಅಪ್ಪಣೆಗೂ ಕಾಯದೆ ಟೈಪು ಮಾಡುತ್ತಿದ್ದರು. ಅಧಿಕಾರಿ ಅವರ ಕಡೆ ತಿರುಗಿದಾಗ, "ನಾವ್ ಘೇತಲಂಯ್, ಸಾಹೇಬ್" ಎಂದರು. ಹೆಸರು ಹೇಳಿದ್ದಾಳೆ, ಸಾಹೇಬರೇ. ಅಧಿಕಾರಿ ಫೈಲನ್ನು ಹತ್ತಿರ ಎಳೆದುಕೊಂಡರು. ಕಾಗದ ಮುದ್ರಣಯಂತ್ರದಿಂದ ಹೊರಬಂತು, ಸಾಬಮ್ಮ ಹೆಬ್ಬೆಟ್ಟು ಒತ್ತಿದಳು, ಶಾಯಿಯನ್ನು ಕಂಬಕ್ಕೆ ಒರೆಸಿದಳು. ಹೊರಗೆ ಬಸ್ ನಿಲ್ದಾಣದವರೆಗೆ ಒಂದೇ ಕೊಡೆಯಲ್ಲಿ ನಡೆದೆವು. ಆಕೆ ಆ ವಾರವೇ ಊರಿಗೆ ಹೋದಳು.

ವಿಚಾರಣೆಯ ವರದಿ ದೀಪಾವಳಿ ಕಳೆದ ಮೇಲೆ ಬಂತು. ಮೃತ ದೇವಿಂದ್ರಪ್ಪ ಆ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದನೆಂದು ಒಪ್ಪಲಾಗಿತ್ತು. ಕುಡಿದಿದ್ದನೆಂಬ ಮಾತಿಗೆ ಆಧಾರವಿಲ್ಲವೆಂದು ಅದನ್ನು ಕೈಬಿಡಲಾಗಿತ್ತು. ಸಾಬಮ್ಮ ಕೇಳಿದ್ದು ಸಿಕ್ಕಿತ್ತು. ನಾನು ಮುಂದಿನ ಪುಟಕ್ಕೆ ಹೋದೆ. ಹೊಣೆ ಯಾರದೆಂದು ಹೇಳಬೇಕಾದ ಪುಟ ಅದು. ಬಲೆ ಕಟ್ಟದೆ ಬಿಟ್ಟವರು ಯಾರು, ಮಳೆಯಲ್ಲಿ ನೆನೆದ ಹಲಗೆಯ ಮೇಲೆ ಅವನನ್ನು ಹತ್ತಿಸಿದವರು ಯಾರು, ಸಾಕ್ಷಿಗಳನ್ನು ಲಾರಿಯಲ್ಲಿ ತುಂಬಿ ಕಳಿಸಿದವರು ಯಾರು, ಸುಳ್ಳು ಉತ್ತರಕ್ಕೆ ಸಹಿ ಹಾಕಿದವರು ಯಾರು. "ಸಂಬಂಧಪಟ್ಟವರ ನಿರ್ಲಕ್ಷ್ಯದಿಂದ" ಎಂದು ಒಂದು ಕಡೆ ಇತ್ತು. "ಸಂಬಂಧಪಟ್ಟವರಿಗೆ ಸೂಕ್ತ ತಿಳಿವಳಿಕೆ ನೀಡಲಾಗಿದೆ" ಎಂದು ಇನ್ನೊಂದು ಕಡೆ. ಕಂಪನಿಯ ಒಡೆಯನ ಹೆಸರಿಲ್ಲ, ಗುತ್ತಿಗೆದಾರನ ಹೆಸರಿಲ್ಲ, ಮುಕಾದಮನ ಹೆಸರೂ ಇಲ್ಲ. ಕೊನೆಯ ಸಾಲಿನವರೆಗೆ ಬೆರಳಿಟ್ಟು ಹುಡುಕಿದೆ. ಇಡೀ ವರದಿಯಲ್ಲಿ ಇದ್ದದ್ದು ಒಂದೇ ಹೆಸರು, ಸತ್ತವನದು.

ಅದನ್ನು ಕನ್ನಡದಲ್ಲಿ ಓದಿ, ಧ್ವನಿ ಸಂದೇಶವಾಗಿ ಸಾಬಮ್ಮನಿಗೆ ಕಳಿಸಿದೆ. ಓದುವಾಗ ನನ್ನ ಧ್ವನಿ ಎಲ್ಲಿಯೂ ನಡುಗಲಿಲ್ಲ. ಕೇಳಿ ನೋಡಿದೆ, ವಾರ್ತೆ ಓದುವವರ ಧ್ವನಿಯಂತಿತ್ತು. ಸಂಜೆಗೆ ಉತ್ತರ ಬಂತು. ಹಿನ್ನೆಲೆಯಲ್ಲಿ ಹತ್ತಿ ಬಿಡಿಸುವ ಹೆಂಗಸರ ಗದ್ದಲ, ಟ್ರ್ಯಾಕ್ಟರಿನ ಸದ್ದು. ಕುಡಿತದ ಮಾತು ಹೋದದ್ದಕ್ಕೆ ಆಕೆ ದೇವರಿಗೆ ಕಾಯಿ ಒಡೆಸುತ್ತೇನೆಂದಳು. ನನ್ನ ಅವ್ವನನ್ನು ಕೇಳಿದೆನೆಂದು ಹೇಳಲು ಹೇಳಿದಳು. ಆಮೇಲೆ:

"ಅಲ್ರಿ ಅಕ್ಕಾರೆ, ತಪ್ಪು ಮಾಡಿದೋರ ಹೆಸರು ಮಾತ್ರ ಆ ಸಾಹೇಬ್ರ ಬಾಯಾಗ ಬರವಲ್ದೇನು? ಯಾಕ್ರಿ, ಅವರೇನು ಇವರಿಗಿ ಗಂಡ ಆಗಬೇಕೇನು?"